ಕುಡಿಕೆಗೆ ಇಳಿಯದ ದೆವ್ವ

ತಾಳವಾಡಿಯ ಶಾಲೆಯಲ್ಲಿ ಸಂಗೀತ ಕಲಿಸುವ ನನಗೆ ಆ ಚೀನಾದ ಕತೆ ಸಿಕ್ಕಿದ್ದು ಚಾಮರಾಜನಗರದ ಹಳೇ ಪುಸ್ತಕದಂಗಡಿಯಲ್ಲಿ. ಬೆಟ್ಟದ ದಾರಿಯ ಒಂದು ಛತ್ರ. ಅಲ್ಲಿ ಯಜಮಾನನೇ ಕೊಂದು ಹೂತ ಕೆಲಸದ ಹುಡುಗಿ ದೆವ್ವವಾಗಿ ದಾರಿಹೋಕರನ್ನು ಮಾತಾಡಿಸುತ್ತಾಳೆ. ಕೊನೆಗೆ ಮಂತ್ರವಾದಿಯೊಬ್ಬ ಬಂದು ಅವಳನ್ನು ಮಣ್ಣಿನ ಕುಡಿಕೆಯೊಳಗೆ ಕೂಡಿಹಾಕುತ್ತಾನೆ. ಊರಿಗೆ ನೆಮ್ಮದಿ. ಕೊಂದವನ ಸುದ್ದಿಯೇ ಇಲ್ಲ!

ನನಗೆ ಮೈ ಉರಿಯಿತು. ಅದನ್ನು ಆಪೆರಾ ಮಾಡುವ ಹಟ ಹಿಡಿದೆ. ಜಗಳ, ಅಳು, ಬೆದರಿಕೆ ಎಲ್ಲವೂ ಹಾಡಿನಲ್ಲೇ. ಚೀನಾದ ಬೆಟ್ಟ ನಮ್ಮ ದಿಂಬಂ ಘಾಟಿಯಾಯಿತು, ಛತ್ರ ಟೀ ಅಂಗಡಿಯಾಯಿತು. ನನ್ನ ಹಾರ್ಮೋನಿಯಂ ಜೊತೆ ತಮಟೆಯೂ ಮದುವೆ ಬ್ಯಾಂಡಿನವರ ಕ್ಲಾರಿನೆಟ್ಟೂ ಸೇರಿದವು. ಕೊನೆಯನ್ನು ಬದಲಿಸಿದೆ: ದೆವ್ವ ಕುಡಿಕೆಗೆ ಇಳಿಯುವುದಿಲ್ಲ.

ದೆವ್ವದ ಪಾತ್ರಕ್ಕೆ ನಮ್ಮ ದೊಡ್ಡಪ್ಪನ ಹೊಲದಲ್ಲಿ ಕೋಸು ಕೊಯ್ಯುವ ಹೆಂಗಸನ್ನು ಕರೆತಂದೆ. ಅಂಥ ದನಿ ನಾನು ಬೇರೆಲ್ಲೂ ಕೇಳಿಲ್ಲ.

ಪ್ರದರ್ಶನಕ್ಕೆ ಗೊತ್ತುಮಾಡಿದ್ದ, ನಮ್ಮ ಜಾತಿಯವರ ಕಲ್ಯಾಣ ಮಂಟಪ ದೊಡ್ಡಪ್ಪನ ಕೈಯಲ್ಲಿತ್ತು. ಅಭ್ಯಾಸ ನೋಡಲು ಬಂದವರು ವಿಭೂತಿಯ ಹಣೆ ಗಂಟಿಕ್ಕಿದರು.

“ದೆವ್ವನ ಕಟ್ಟಾಕ್ಸವ್ವ, ಗೆಲ್ಲುಸ್ಬ್ಯಾಡ. ಇನ್ನೊಂದು, ಈ ಕೂಲಿ ಎಂಗ್ಸು ನಮ್ ಮಂಟಪ್ದಲ್ಲಿ ನಿಂತ್ಕಂಡು ಯಜಮಾನನ್ನ ಬಯ್ಯಂಗಿಲ್ಲ.”

“ಎಲ್ಡೂ ಆಗಕಿಲ್ಲ ದೊಡ್ಡಪ್ಪ,” ಅಂದೆ.

ಅವರು ಹೋದ ಮೇಲೆ ನಾನು ಅವಳ ಮುಖ ನೋಡಿದೆ. ಕೆಲಸ ಕಳೆದುಕೊಳ್ಳುವವಳು ಅವಳು, ನಾನಲ್ಲ. ಬೇಡವಾದರೆ ಬಿಟ್ಟುಬಿಡು ಎಂದೆ.

“ಬದ್ಕಿರಗಂಟ ಬಾಯಿ ಮುಚ್ಕಂಡೇ ಇವ್ನಿ ಕನವ್ವ,” ಅಂದಳು. “ಸತ್ ಮ್ಯಾಲೂ ಮುಚ್ಕಬೇಕಾ?”

ಭಾನುವಾರ ಮಧ್ಯಾಹ್ನ ಪ್ರದರ್ಶನ; ಕತ್ತಲಾದರೆ ಆನೆಗಳ ಕಾಟ, ಜನ ಬರುವುದಿಲ್ಲ. ಹೋಗಿ ನೋಡಿದರೆ ಮಂಟಪಕ್ಕೆ ಬೀಗ. ಹಾರ್ಮೋನಿಯಂ ಹೊತ್ತುಕೊಂಡು ತರಕಾರಿ ಮಂಡಿಯ ಅಂಗಳಕ್ಕೆ ಹೋದೆವು. ಒಬ್ಬ ಡ್ರೈವರ್ ಖಾಲಿ ಲಾರಿಯ ಹಿಂಬಾಗಿಲು ಇಳಿಸಿಕೊಟ್ಟ. ಅದೇ ರಂಗ. ಬಿಸಿಲಲ್ಲಿ ದೆವ್ವ ಬಂತು, ಯಾರೂ ನಗಲಿಲ್ಲ.

ಮಂತ್ರವಾದಿ ಕುಡಿಕೆ ಎತ್ತಿದಾಗ ಜನರ ನಡುವಿಂದ ಒಬ್ಬ ಕೂಗಿದ, “ಕಟ್ಟಾಕ್ಲಾ ಅವಳ್ನ!”

ಕ್ಲಾರಿನೆಟ್ ನಿಂತೇಹೋಯಿತು. ಅವಳು ಲಾರಿಯ ಅಂಚಿಗೆ ಬಂದು, ಕೂಗಿದವನನ್ನೇ ನೋಡುತ್ತ ಹಾಡಿದಳು: “ನನ್ನ ಕೊಂದೋನ ಯಾವ ಕುಡಿಕೇಲಿ ಇಟ್ಟಿದ್ದೀರಿ?” ಆ ಸಾಲು ನಾನು ಬರೆದದ್ದಲ್ಲ. ಕೆಳಗೆ ನಿಂತಿದ್ದ ಕೂಲಿ ಹೆಂಗಸರು ಅದನ್ನೇ ಎತ್ತಿಕೊಂಡರು. ತಮಟೆ ಅವರ ಹಿಂದೆ ಹೋಯಿತು. ನನ್ನ ಬೆರಳು ಹಾರ್ಮೋನಿಯಂನ ಕೀಗಳನ್ನು ಹುಡುಕಿಕೊಂಡವು. ರಸ್ತೆಯಂಚಲ್ಲಿ ಕೈಕಟ್ಟಿ ನಿಂತಿದ್ದ ದೊಡ್ಡಪ್ಪ ತಿರುಗಿ ನಡೆದರು.

ಮರುದಿನವೇ ಅವಳನ್ನು ಹೊಲದ ಕೆಲಸದಿಂದ ಬಿಡಿಸಿದರು. ಈಗ ಬೇರೆಯವರ ಬೆಳ್ಳುಳ್ಳಿ ಹೊಲಕ್ಕೆ, ದೂರ ನಡೆದು ಹೋಗುತ್ತಾಳೆ. ನಾನೂ ದೊಡ್ಡಪ್ಪನ ಮನೆ ಮೆಟ್ಟಿಲು ಹತ್ತಿಲ್ಲ, ಹತ್ತುವುದೂ ಇಲ್ಲ.

ಹಾಸನೂರಿನವರು ಪ್ರದರ್ಶನಕ್ಕೆ ಕರೆದಿದ್ದಾರೆ. ದೆವ್ವವನ್ನು ಕೊಂಚ ಸಾಧು ಮಾಡಿ ಎಂದು ಅಲ್ಲಿಂದಲೂ ಯಾರೋ ಹೇಳಿಕಳಿಸಿದರು. ಅವಳಿಗೆ ತಿಳಿಸಿದೆ. ನಕ್ಕು, ಅಂದಿನ ಅಭ್ಯಾಸದಲ್ಲಿ ಒಂದು ಸ್ವರ ಮೇಲಕ್ಕೇ ಹಿಡಿದಳು. ನಾನು ಶ್ರುತಿ ಏರಿಸಿಕೊಂಡೆ.