ಬೇಸಿಗೆಯ ಅಕ್ಕಿ

ಕುಕ್ಕರ್ ಕೆಟ್ಟಿತೆಂದು ಮೊನ್ನೆ ಬಹಳ ದಿನದ ಮೇಲೆ ಅನ್ನ ಬಸಿದೆ. ಗಂಜಿಯ ಆವಿ ಮುಖಕ್ಕೆ ಬಡಿದದ್ದೇ ತಡ, ನಮ್ಮ ಮುಂದಿನ ರೂಮಿನಲ್ಲಿ ಬಾಡಿಗೆಗಿದ್ದ ಹುಡುಗಿ ನೆನಪಾದಳು...

ನಾವಾಗ ತಿ. ನರಸೀಪುರದಲ್ಲಿದ್ದೆವು. ಎರಡು ಸಾವಿರದ ಐದೋ ಆರೋ ಇರಬೇಕು. ಅವಳು ಪಿಎಚ್‌.ಡಿ. ಮಾಡುತ್ತಿದ್ದಳು. ನೀರು ನಿಂತ ಗದ್ದೆಯಿಂದ ಮೀಥೇನ್ ಅನ್ನುವ ಅನಿಲ ಏಳುತ್ತದಂತೆ, ಅದನ್ನು ಉಪಗ್ರಹ ಅಳೆಯುತ್ತದಂತೆ. ಹಿಂದಿನ ವರ್ಷಗಳ ಆ ಅಳತೆಗಳಿಗೆ ಲ್ಯಾಪ್‌ಟಾಪಿನಲ್ಲಿ ಸರಾಸರಿ ತೆಗೆದು, ಊರಿನ ಬೆಳೆಯ ಜೊತೆ ತಾಳೆ ನೋಡುತ್ತಿದ್ದಳು. ಸಂಜೆ ಜಗಲಿಗೆ ಬಂದವರನ್ನೆಲ್ಲ ಕೇಳುವಳು, "ಹೋದ ಬೇಸಿಗೇಲಿ ಏನು ಬೆಳೆದ್ರಿ? ಅದರ ಹಿಂದಿನ ಬೇಸಿಗೇಲಿ?"

ಬೇಸಿಗೆಯಲ್ಲಿ ನಾಲೆ ನೀರಿಗೆ ಭತ್ತ ಹಾಕಬಾರದೆಂದು ನಾಲೆ ಆಫೀಸಿನ ಅಪ್ಪಣೆಯಿತ್ತು. ಹಾಕದವರು ಯಾರೂ ಇರಲಿಲ್ಲ, ನಮ್ಮ ಮಾವನೂ ಹಾಕುತ್ತಿದ್ದರು. ಆದರೆ ಎಲ್ಲರದ್ದೂ ಒಂದೇ ಉತ್ತರ: "ರಾಗಿ ಕಣವ್ವ."

ಅವಳು ಒಳಗೆ ಹೋದಮೇಲೆ ಪಕ್ಕದ ಮನೆಯ ಯಜಮಾನರು ದನಿ ತಗ್ಗಿಸಿದರು. "ಮ್ಯಾಲಿಂದ ಎಲ್ಲಾನೂ ಕಾಣ್ತದೆ ಅಂತಾಳೆ. ಕಾಣಾದಾದ್ರೆ ನಮ್ಮನ್ಯಾಕ್ ಕೇಳಾಳು?"

"ನಾಲೆ ಆಪೀಸ್ನೋರು ಕಳ್ಸವ್ರೆ ಕಣಯ್ಯ. ಬಾಯಿ ಬುಡಬ್ಯಾಡಿ," ಎಂದರು ಮಾವ.

ನನಗೂ ಅನುಮಾನವೇ. ಅವಳ ಚಪ್ಪಲಿಗೆ ನಾಲೆ ಏರಿಯ ಮಣ್ಣು ಅಂಟಿರುತ್ತಿತ್ತು. ಅಲ್ಲೇನು ಕೆಲಸ? ನೀನು ಕಾನ್ವೆಂಟಿನಲ್ಲಿ ಓದಿದವಳು, ಇಂಗ್ಲಿಷ್ ಬರುತ್ತದೆ, ಅವಳೇನು ಮಾಡುತ್ತಾಳೆ ನೋಡಿಕೊಂಡು ಬಾ ಎಂದು ಮಾವ ನನ್ನ ಕೈಲಿ ಕಾಫಿ ಕಳಿಸುತ್ತಿದ್ದರು. ಪರದೆಯ ತುಂಬ ಬಣ್ಣದ ಚೌಕಗಳು. ನಮ್ಮ ಗದ್ದೆ ಎಲ್ಲಿದೆ ಎಂದು ಕೇಳಿದೆ. ನಕ್ಕಳು.

"ಒಂದು ಚೌಕದೊಳಗೆ ಇಡೀ ತಾಲ್ಲೂಕೇ ಮುಳುಗಿಹೋಗುತ್ತೆ ಆಂಟಿ. ಒಬ್ಬರ ಗದ್ದೆ ಕಾಣಲ್ಲ."

ಮಾವ ಇದನ್ನು ನಂಬಲಿಲ್ಲ.

ಒಂದು ಮಧ್ಯಾಹ್ನ ಊಟಕ್ಕೆ ಕರೆದಾಗ ಅವಳ ಕಣ್ಣುಗಳು ಕೆಂಪಾಗಿದ್ದವು. ಬೇಸಿಗೆಯ ಅಳತೆಗಳೆಲ್ಲ ಹೆಚ್ಚು ತೋರಿಸುತ್ತಿದ್ದವಂತೆ, ನೀರು ನಿಲ್ಲದ ರಾಗಿ ಹೊಲದಿಂದ ಅಷ್ಟು ಅನಿಲ ಬರುವುದಿಲ್ಲವಂತೆ.

"ಉಪಗ್ರಹದ್ದೇ ತಪ್ಪಿರಬೇಕು. ಬೇಸಿಗೆಗಳನ್ನೆಲ್ಲ ತೆಗೆದುಹಾಕ್ತೀನಿ. ಇನ್ನೇನು ಉಳಿಯುತ್ತೆ ಆಂಟಿ ನನ್ನ ಕೆಲಸದಲ್ಲಿ?"

ಆಕಾಶದ ಯಂತ್ರವನ್ನು ಅನುಮಾನಿಸಿದಳೇ ಹೊರತು ನಮ್ಮನ್ನಲ್ಲ. ಮಾವ ಮಲಗಿದ್ದರು. ಬಿಸಿ ಅನ್ನ ಬಡಿಸುತ್ತಾ ಮೆಲ್ಲಗೆ ಹೇಳಿದೆ, "ತಟ್ಟೆ ನೋಡಮ್ಮ. ಈ ಅಕ್ಕಿ ಹೋದ ಬೇಸಿಗೇದು."

ಕಲಸುತ್ತಿದ್ದ ಕೈ ನಿಂತಿತು. "ಎಲ್ಲರೂ ಭತ್ತಾನೇ?"

"ಎಲ್ಲರೂ."

ನನ್ನ ಮುಖವನ್ನೇ ನೋಡಿದಳು. "ಇದನ್ನಾದರೂ ಹೇಗೆ ನಂಬಲಿ ಆಂಟಿ?" ಎಂದು ಎದ್ದುಬಿಟ್ಟಳು.

ವಾರದೊಳಗೆ ರೂಮು ಖಾಲಿ ಮಾಡಿದಳು. ಮುಂದಿನ ಬೇಸಿಗೆ ಏರಿಯ ಮೇಲೆ ನಾಲೆ ಆಫೀಸಿನ ಜೀಪು ಬಂತು, ನಮ್ಮ ಕಡೆಯ ತೂಬು ಮುಚ್ಚಿಸಿದರು. ಜೀಪಿಗೂ ಅವಳಿಗೂ ಸಂಬಂಧವಿತ್ತೋ ಇಲ್ಲವೋ... ಮಾವ ನನ್ನನ್ನು ಏನೂ ಕೇಳಲಿಲ್ಲ. ಆದರೆ ಅಂದಿನಿಂದ ನಾನು ಕಾಫಿ ತಂದರೆ ಜಗಲಿಯ ಮಾತು ನಿಲ್ಲುತ್ತಿತ್ತು.

ಮಾವ ಈಗಿಲ್ಲ. ಅವಳು ಎಲ್ಲಿದ್ದಾಳೋ, ಆ ಬೇಸಿಗೆಗಳನ್ನು ಉಳಿಸಿಕೊಂಡಳೋ, ಅಳಿಸಿದಳೋ... ಮೊನ್ನೆ ಗಂಜಿಗೆ ಉಪ್ಪು ಹಾಕಿಕೊಂಡು ಕುಡಿಯುತ್ತಾ ಕೂತಿದ್ದೆ. ಕಣ್ಣ ಮುಂದೆ ಅವಳು ಬಿಟ್ಟೆದ್ದ ತಟ್ಟೆ, ಅರ್ಧ ಕಲಸಿದ ಅನ್ನ.