ಖಾಲಾ ಹೆಣೆದ ಉಡುದಾರ

ಮೊನ್ನೆ ಹಳೆಯ ಲಂಗವೊಂದನ್ನು ಹರಿದು ಒರೆಸುವ ಬಟ್ಟೆ ಮಾಡುತ್ತಿದ್ದೆ. ಬಟ್ಟೆ ಮುಟ್ಟಿದಲ್ಲೆಲ್ಲ ಪಿಸಿಯುತ್ತಿತ್ತು, ಲಾಡಿ ಮಾತ್ರ ಎಷ್ಟು ಎಳೆದರೂ ಜಗ್ಗಲಿಲ್ಲ. ಪಕ್ಕದ ಮನೆಯ ಖಾಲಾ ಹೆಣೆದುಕೊಟ್ಟದ್ದು ಅದು. ಕೈಯಲ್ಲಿ ಹಿಡಿದು ಅಲ್ಲೇ ಕೂತುಬಿಟ್ಟೆ...

ಮುಳಬಾಗಿಲಿನಲ್ಲಿ ನಮಗೂ ಅವರಿಗೂ ಒಂದೇ ಗೋಡೆ. ಚಿಕ್ಕಮ್ಮ ಅನ್ನುವ ಹಾಗೆ ಬೀದಿಯವರೆಲ್ಲ ಅವರನ್ನು ಖಾಲಾ ಅನ್ನುತ್ತಿದ್ದರು. ಅವರ ಮನೆಮಾತು ಉರ್ದು, ನಮ್ಮದು ತೆಲುಗು, ಜಗಳವೆಲ್ಲ ಕನ್ನಡದಲ್ಲಿ. ಖಾಲಾ ಬಳಿ ಎರಡು ಕೊಂಬಿನ ಪುಟ್ಟ ಮರದ ಕವೆಯೊಂದಿತ್ತು, ಅವರ ಅತ್ತೆ ಕೊಟ್ಟದ್ದು. ಕೊಂಬುಗಳಿಗೆ ನೂಲು ಸುತ್ತಿ, ಹಳೆಯ ಕುಣಿಕೆಯನ್ನು ಹೊಸ ಎಳೆಯ ಮೇಲಿಂದ ದಾಟಿಸಿ, ಕವೆ ತಿರುಗಿಸಿ ಎಳೆಯುತ್ತಿದ್ದರು. ಬಾಯಿ ಊರ ಸುದ್ದಿಯೆಲ್ಲ ಹೇಳುತ್ತಿದ್ದರೂ ಕೈ ನಿಲ್ಲುತ್ತಿರಲಿಲ್ಲ, ಹುರಿ ಇಳಿಯುತ್ತಲೇ ಇರುತ್ತಿತ್ತು.

ನಮ್ಮ ಬೀದಿಯಲ್ಲಿ ಯಾರೇ ಬಸುರಿಯಾಗಲಿ, ಮಗುವಿನ ಸೊಂಟಕ್ಕೆ ಕಪ್ಪು ಉಡುದಾರ ಖಾಲಾದೇ. ಅದಕ್ಕೆ ಅವರದೊಂದು ಕಟ್ಟುನಿಟ್ಟು. ಮಗು ಅತ್ತ ಸುದ್ದಿ ಬರುವ ತನಕ ಕೊನೆಯ ಕುಣಿಕೆಗಳು ಕವೆಯ ಮೇಲೇ ಇರಬೇಕು. ಅಲ್ಲಿಯವರೆಗೆ ಎಳೆದರೆ ಎಲ್ಲ ಬಿಚ್ಚಿ ಮತ್ತೆ ನೂಲಾಗುತ್ತದೆ. ಒಮ್ಮೆ ತುದಿ ಬಿಗಿದರೆ ಬಿಚ್ಚಲಾಗದು. ಮಗು ಬರುವ ಮೊದಲೇ ಬಿಗಿದರೆ ಕೇಡು ಎನ್ನುತ್ತಿದ್ದರು. ನನ್ನ ಮಗ ಹುಟ್ಟಿದಾಗಲೂ ಆಸ್ಪತ್ರೆಯಿಂದ ಸುದ್ದಿ ಬಂದ ಮೇಲೆಯೇ ಬಿಗಿದಿದ್ದರು.

ಅವರಿಗಿದ್ದವಳು ಒಬ್ಬಳೇ ಮಗಳು, ಶ್ರೀನಿವಾಸಪುರಕ್ಕೆ ಕೊಟ್ಟಿದ್ದರು. ಎರಡು ಸಲ ಬಸಿರು ನಿಲ್ಲಲಿಲ್ಲ. ಮೂರನೆಯದು ತಿಂಗಳು ತುಂಬಿತು, ಹೆರಿಗೆಗೆ ತವರಿಗೆ ಬಂದಳು. ನೋವು ಶುರುವಾಗಿ ಅವಳನ್ನು ಕೋಲಾರದ ಆಸ್ಪತ್ರೆಗೆ ಕರೆದೊಯ್ದ ಬೆಳಿಗ್ಗೆ, ಖಾಲಾ ಸಂತೋಷ ತಡೆಯಲಾರದೆ ನನ್ನೆದುರೇ ತುದಿ ಬಿಗಿದು ಉಡುದಾರವನ್ನು ಕವೆಯಿಂದ ಇಳಿಸಿಬಿಟ್ಟರು.

"ಇನ್ನೇನಮ್ಮಾ, ಬಂದೇ ಬಿಡ್ತು ನನ್ನ ಬಂಗಾರ. ಹೋಗಿ ನಾನೇ ಕಟ್ತೀನಿ," ಎಂದು ಅದನ್ನು ಸೆರಗಿಗೆ ಗಂಟು ಹಾಕಿಕೊಂಡು ಬಸ್ಸು ಹತ್ತಿದರು.

ಮಗು ಅಳಲೇ ಇಲ್ಲ. ಹೊಟ್ಟೆಯಲ್ಲೇ ಹೋಗಿತ್ತು. ಮಣ್ಣು ಮಾಡಿ ಬಂದ ಮಾರನೆಯ ದಿನ ನೋಡುತ್ತೇನೆ, ಖಾಲಾ ಹಿತ್ತಲಲ್ಲಿ ಕೂತು ಸೂಜಿಯಿಂದ, ಹಲ್ಲಿನಿಂದ ಆ ತುದಿಯನ್ನು ಬಿಚ್ಚಲು ಒದ್ದಾಡುತ್ತಿದ್ದಾರೆ. ತುಟಿಯಲ್ಲಿ ರಕ್ತ.

"ನಾನೇ ಮುಗಿಸ್ಬಿಟ್ಟೆ... ನನ್ನ ಕೈಯಾರೆ ಮುಗಿಸ್ಬಿಟ್ಟೆ."

"ನೋವು ಬರೋ ಮುಂಚೇನೇ ಜೀವ ಹೋಗಿತ್ತು ಅಂತ ಡಾಕ್ಟ್ರೇ ಅಂದ್ರಲ್ಲ ಖಾಲಾ! ನೂಲಿಗೇನು ಗೊತ್ತಾಗತ್ತೆ?" ಎಂದು ಗದರಿದೆ. ಕಿವಿಗೇ ಹಾಕಿಕೊಳ್ಳಲಿಲ್ಲ. ಮೊದಲೇ ತುದಿ ಬಿಗಿದದ್ದನ್ನು ಮಗಳಿಗೆ ಹೇಳಕೂಡದು ಎಂದು, ನನ್ನ ಮಗನ ತಲೆಯ ಮೇಲೆ ನನ್ನ ಕೈ ಇಡಿಸಿ ಆಣೆ ಮಾಡಿಸಿಕೊಂಡರು.

ಆಮೇಲೆ ಅವರು ಕವೆ ಮುಟ್ಟಲಿಲ್ಲ. ಮಗಳು ಬಂದರೆ ನಮಾಜಿನ ಚಾಪೆ ಹಾಸಿ ಒಳಗೆ ಕೂತುಬಿಡುತ್ತಿದ್ದರು, ಮುಖ ಕೊಟ್ಟು ಮಾತಾಡುತ್ತಿರಲಿಲ್ಲ. ಬರಬರುತ್ತಾ ಅವಳೂ ಬರುವುದು ಬಿಟ್ಟಳು. ಅಬ್ಬಾ, ಎಂಥ ಹಟ ಆ ಹೆಂಗಸಿನದು! ಇವತ್ತಿಗೂ ನೆನೆದರೆ ಸಿಟ್ಟು ಬರುತ್ತದೆ.

ಹೋದ ವರ್ಷ ಖಾಲಾ ತೀರಿಕೊಂಡರು. ಗಂಡಸರು ಹೆಣ ಎತ್ತಿಕೊಂಡು ಹೊರಟ ಮೇಲೆ ಮಗಳು ನನ್ನ ಕೈ ಹಿಡಿದುಕೊಂಡಳು.

"ಅಕ್ಕಾ, ಒಂದು ಮಗೂನೂ ಉಳಿಸ್ಕೊಳ್ಳಲಿಲ್ಲ ಅಂತ ಅಮ್ಮೀಗೆ ನನ್ನ ಕಂಡ್ರೆ ಆಗ್ತಿರ್ಲಿಲ್ಲ ಅಲ್ವಾ? ಕೊನೇವರೆಗೂ ನನ್ನ ಮುಖ ನೋಡ್ಲಿಲ್ಲ."

ಆಣೆ ಹಾಳಾಗಲಿ ಎಂದು ಎಲ್ಲ ಹೇಳಿಬಿಟ್ಟೆ. ಅವಳು ಎದ್ದು ಬಾಗಿಲಿಗೆ ಓಡಿದಳು. ಗಂಡಸರು ಆಗಲೇ ಬೀದಿ ದಾಟಿ ಹೋಗಿದ್ದರು.

"ಇಷ್ಟಕ್ಕೇನಾ ಅಕ್ಕಾ?" ಎಂದಳು. "ಇಷ್ಟಕ್ಕೇನಾ?"

ಈಗಲೂ ಆಗಾಗ ಫೋನ್ ಮಾಡುತ್ತಾಳೆ. ಅಮ್ಮೀ ತನ್ನ ಬಗ್ಗೆ ಇನ್ನೇನಾದರೂ ಅಂದಿದ್ದರಾ ಎಂದು ಕೇಳುತ್ತಾಳೆ. ಗೊತ್ತಿದ್ದದ್ದನ್ನೆಲ್ಲ ಹೇಳಿಯಾಗಿದೆ... ಇನ್ನು ಹೇಳಲು ನನ್ನ ಹತ್ತಿರ ಏನೂ ಉಳಿದಿಲ್ಲ.