ಹಗ್ಗ ಮುಟ್ಟಿದವರ ಆಕಾಶನೌಕೆ

ಆಗುವ ಮಾತಲ್ಲ ಎಂದವರ ಹೆಸರನ್ನು ಇಲ್ಲಿ ಬರೆಯುವುದಿಲ್ಲ. ನೆಂಟಸ್ತಿಕೆಯನ್ನೂ ಹುದ್ದೆಯನ್ನೂ ಹೇಳುತ್ತೇನೆ, ನಮ್ಮ ಕಡೆ ಅಷ್ಟು ಸಾಕು. ಉಳಿದದ್ದನ್ನು ಅಂಕೋಲೆಯಿಂದ ಕಾರವಾರಕ್ಕೆ ಹೋಗುವ ಬಸ್ಸಿನಲ್ಲಿ ಕುಳಿತವರೇ ಪತ್ತೆ ಹಚ್ಚಿಕೊಳ್ಳುತ್ತಾರೆ.

ಮೊದಲು ಅಂದವನು ನನ್ನ ಸೋದರಮಾವ. ಬಂದರಿನ ಹತ್ತಿರದ ಒಂದು ಐಸ್ ಫ್ಯಾಕ್ಟರಿಯಲ್ಲಿ ಅವನಿಗೊಂದು ಕುರ್ಚಿ ಇದೆ. ಮೀನುಗಾರರ ಮನೆಯಲ್ಲಿ ಹುಟ್ಟಿ ಕುರ್ಚಿಯ ಮೇಲೆ ಕೂರುವ ಕೆಲಸ ಹಿಡಿದ ಮೊದಲಿಗ ತಾನು ಎಂಬುದನ್ನು ಅವನು ಯಾರಿಗೂ ಮರೆಯಲು ಬಿಟ್ಟಿಲ್ಲ. ಎಸ್ಸೆಸ್ಸೆಲ್ಸಿ ಇಂಗ್ಲಿಷಿನಲ್ಲಿ ಮತ್ತೆ ಮತ್ತೆ ಫೇಲಾದ ಅನುಭವ ಇರುವುದರಿಂದ ಓದಿನ ವಿಷಯದಲ್ಲಿ ನಮ್ಮ ಮನೆಯಲ್ಲಿ ಅವನ ಮಾತೇ ಕಡೆಯದು. ನಾನು ಬಿಸಿಎಗೆ ಸೇರಿದ ದಿನ, ಡಿಗ್ರಿ ಎಂಬುದು ನಮ್ಮ ಮನೆತನದಲ್ಲಿ ಆಗುವುದಲ್ಲ, ಅದಕ್ಕೆ ಬೇರೆ ರಕ್ತವೇ ಬೇಕು ಎಂದ. ನಾನು ಕೊನೆಯ ವರ್ಷ ಮುಟ್ಟಿದಾಗ ರಕ್ತದ ಮಾತು ಬಿಟ್ಟು ಹೊಸ ಮಾತು ಹಿಡಿದ. ಈ ವರ್ಷ ಪಾಸಾಗದಿದ್ದರೆ ಐಸ್ ಫ್ಯಾಕ್ಟರಿಯಲ್ಲಿ ಚೀಟಿ ಬರೆಯುವ ಕೆಲಸ, ಮಾಲೀಕರ ಹತ್ತಿರ ಮಾತಾಡಿ ಆಗಿದೆ ಎಂದ. ಅಪ್ಪ ತಲೆಯಾಡಿಸಿದ. ಅಪ್ಪ ಬೇರೆಯವರ ಬೋಟಿಗೆ ಹೋಗುವವನು. ಇನ್ನೊಂದು ವರ್ಷ ನನ್ನನ್ನು ಓದಿಸುವ ತ್ರಾಣ ಅವನಲ್ಲಿ ಇರಲಿಲ್ಲ. ಹಾಗಾಗಿ ಸಂಗತಿ ಸರಳವಾಗಿತ್ತು. ಆ ವರ್ಷವೇ ಡಿಗ್ರಿ, ಇಲ್ಲದಿದ್ದರೆ ಐಸು.

ಎರಡನೆಯವರು ಕಾರವಾರದ ನಮ್ಮ ಕಾಲೇಜಿನ ವಿಭಾಗದ ಮುಖ್ಯಸ್ಥರು. ನನ್ನ ಪ್ರಾಜೆಕ್ಟಿಗೆ ಗೈಡೂ ಅವರೇ. ಕೊನೆಯ ಸೆಮಿಸ್ಟರಿನಲ್ಲಿ ಪ್ರತಿಯೊಬ್ಬರೂ ಸ್ವಂತವಾಗಿ ಒಂದು ಪ್ರಾಜೆಕ್ಟ್ ಮಾಡಿ, ಹೊರಗಿನಿಂದ ಬರುವ ಪರೀಕ್ಷಕರಿಗೆ ತೋರಿಸಬೇಕು. ನಾನು ವಿಶುವಲ್ ನಾವೆಲ್ ಮಾಡುತ್ತೇನೆ ಎಂದೆ. ನಾವೆಲ್ ಬರೆಯುವುದಿದ್ದರೆ ಕನ್ನಡ ವಿಭಾಗ ಮಹಡಿಯ ಮೇಲಿದೆ ಎಂದರು.

ವಿವರಿಸಿದೆ. ಕಂಪ್ಯೂಟರಿನಲ್ಲಿ ಚಿತ್ರ ಬರುತ್ತದೆ, ಕೆಳಗೆ ಮಾತು ಬರುತ್ತದೆ, ದನಿ ಕೇಳುತ್ತದೆ. ಅಲ್ಲಲ್ಲಿ ಎರಡು ಮೂರು ದಾರಿ ತೋರಿಸಿ ಯಾವುದು ಬೇಕು ಎಂದು ಕೇಳುತ್ತದೆ. ಓದುವವರು ಆರಿಸಿದ ದಾರಿಯಲ್ಲಿ ಕತೆ ಹೋಗುತ್ತದೆ. ನನ್ನ ಕತೆಯಲ್ಲಿ ಹದಿನೇಳರ ಹುಡುಗಿಯೊಬ್ಬಳು ಆಕಾಶನೌಕೆ ಹತ್ತಿ ದೂರದ ಒಂದು ನಕ್ಷತ್ರಕ್ಕೆ ಹೊರಟಿದ್ದಾಳೆ. ದಾರಿ ಎಷ್ಟು ಉದ್ದವೆಂದರೆ ಅವಳನ್ನು ಶೀತಪೆಟ್ಟಿಗೆಯಲ್ಲಿ ಮಲಗಿಸುತ್ತಾರೆ. ಪ್ರತಿ ಸಲ ಎದ್ದಾಗಲೂ ಅವಳಿಗೆ ಒಂದಿಷ್ಟು ನೆನಪು ಹೋಗಿರುತ್ತದೆ. ಭೂಮಿಯಿಂದ ರೆಕಾರ್ಡ್ ಮಾಡಿ ಕಳಿಸಿದ ದನಿಗಳಿವೆ. ಯಾವುದನ್ನು ಕೇಳುತ್ತಾಳೋ ಆ ನೆನಪು ಮರಳುತ್ತದೆ, ಉಳಿದದ್ದು ಹೋಗಿಯೇ ಹೋಗುತ್ತದೆ. ತಪ್ಪಾಗಿ ಆರಿಸುತ್ತ ಹೋದರೆ ನಕ್ಷತ್ರವನ್ನೇನೋ ಮುಟ್ಟುತ್ತಾಳೆ, ಯಾಕೆ ಬಂದೆ ಎಂಬುದು ಮಾತ್ರ ಗೊತ್ತಿರುವುದಿಲ್ಲ.

ಮುಖ್ಯಸ್ಥರು ಎಲ್ಲವನ್ನೂ ಗಂಭೀರವಾಗಿ ಕೇಳಿ, ಬಹಳ ಯೋಚಿಸಿ, ಒಂದು ಪ್ರಶ್ನೆ ಹಾಕಿದರು.

"ಹುಡುಗಿ ಒಬ್ಬಳೇ ಅಷ್ಟು ದೂರ ಹೋಗೂದಂದ್ರೆ ಮನೇಲಿ ಬಿಡ್ತಾರಾ?"

ನೌಕೆಗೆ ಇಂಧನ ಎಲ್ಲಿಂದ, ಉಸಿರಾಡುವುದು ಹೇಗೆ, ಯಾವುದನ್ನೂ ಕೇಳಲಿಲ್ಲ. ಬಿಡ್ತಾರೆ ಸರ್ ಎಂದೆ. ಹಾಗಿದ್ದರೂ ಇದು ನಿನ್ನಿಂದ ಆಗುವುದಿಲ್ಲ, ಲೈಬ್ರರಿ ಮಾಡು ಎಂದರು.

ಲೈಬ್ರರಿಯ ಮಹಿಮೆ ಹೇಳಬೇಕು. ಪುಸ್ತಕ ಕೊಟ್ಟು ತೆಗೆದುಕೊಳ್ಳುವುದನ್ನು ಕಂಪ್ಯೂಟರಿನಲ್ಲಿ ನೋಡಿಕೊಳ್ಳುವ ಪ್ರಾಜೆಕ್ಟ್ ಅದು. ಪೇಟೆಯ ಒಂದು ಅಂಗಡಿಯಲ್ಲಿ ಸಿದ್ಧವಾಗಿ ಸಿಗುತ್ತಿತ್ತು. ಹೆಸರು ಹೇಳಿದರೆ ಹೆಸರು ಹಾಕಿ, ರಟ್ಟು ಕಟ್ಟಿ, ಬಂಗಾರದ ಅಕ್ಷರ ಒತ್ತಿ ಕೊಡುತ್ತಿದ್ದರು. ನಮ್ಮ ತರಗತಿಯಲ್ಲಿ ಅರ್ಧಕ್ಕರ್ಧ ಜನ ಲೈಬ್ರರಿ ಇಟ್ಟವರೇ. ಕಾಲೇಜಿನ ನಿಜವಾದ ಲೈಬ್ರರಿಯ ಬೀಗ ತೆಗೆದದ್ದನ್ನು ಕಂಡವರು ಅವರಲ್ಲಿ ಕಡಿಮೆ. ನಾನು ಲೈಬ್ರರಿ ಮಾಡಲಿಲ್ಲ. ಸೊಕ್ಕು ಎಂದರು. ಇರಬಹುದು. ನಾನು ದಿನವೂ ನಮ್ಮೂರು ಮಂಜಗುಣಿಯಿಂದ ಎರಡು ಬಸ್ಸು ಹತ್ತಿ, ಹೆಚ್ಚಿನ ದಿನ ನಿಂತುಕೊಂಡೇ ಹೋಗಿ ಕಲಿತವಳು; ಸ್ವಲ್ಪ ಸೊಕ್ಕು ಇಟ್ಟುಕೊಳ್ಳುವ ಹಕ್ಕು ನನಗಿದೆ.

ಕೋಡನ್ನೆಲ್ಲ ನಾನೇ ಬರೆದೆ, ಚಿತ್ರಗಳನ್ನೂ ನಾನೇ ಬಿಡಿಸಿದೆ. ಹಳೆಯ ಲ್ಯಾಪ್‌ಟಾಪು, ಒಂದು ಗಂಟೆ ಓಡಿದರೆ ಅದರ ಮೇಲೆ ದೋಸೆ ಹೊಯ್ಯಬಹುದಿತ್ತು. ಆದರೆ ದನಿಗಳು ಬೇಕಲ್ಲ? ಅದಕ್ಕೆ ನಮ್ಮ ದಂಡೆಯ ಜನರನ್ನೇ ಹಿಡಿದೆ. ದೊಡ್ಡ ಪಾಲು ನನ್ನ ಅತ್ತೆಯದು, ಅಪ್ಪನ ಅಕ್ಕ, ಅಂಕೋಲೆ ಪೇಟೆಯಲ್ಲಿ ಮೀನು ಮಾರುವವಳು. ಹುಡುಗಿಯ ಅಜ್ಜಿಯ ದನಿ ಅವಳದು. ನಾನು ಬರೆದುಕೊಟ್ಟ ಮಾತನ್ನು ಒಂದು ಸಲವೂ ಅವಳು ಹೇಳಲಿಲ್ಲ. ಇಷ್ಟು ನಾಜೂಕಾಗಿ ಮಾತಾಡುವವರು ಮೀನು ಮಾರಿದ ಹಾಗೇ ಎಂದು ಬೈದು, ಕಾಣೆ ಮೀನು ಒಣಗಿಸುವಾಗ ಕಾಗೆ ಓಡಿಸುವುದರಿಂದ ಹಿಡಿದು ತನ್ನ ಮದುವೆಯ ದಿನ ಉಪ್ಪು ಮರೆತ ಅಡುಗೆಯವರೆಗೆ ತನಗೆ ತೋಚಿದ್ದನ್ನೆಲ್ಲ ಹೇಳಿದಳು. ಕತೆಯಲ್ಲೂ ತಲೆ ಹಾಕಿದಳು. ಶೀತಪೆಟ್ಟಿಗೆಯ ಚಿತ್ರ ನೋಡಿ ಅವಳು ಕೇಳಿದ್ದು ಇದು:

"ಬಂಗಡೆ ಐಸಲ್ಲಿ ನಾಕು ದಿನ ಇದ್ರೆ ಕಣ್ಣು ಮಂಜಾತದೆ. ನಿನ್ನ ಹುಡ್ಗಿ ಅಷ್ಟು ವರ್ಷ ಮಲ್ಗಿ ಎದ್ರೂ ಕಣ್ಣು ಹಂಗೇ ಹೊಳೀತದಾ ತಂಗಿ?"

ನಾನು ಎದ್ದು ಎಲ್ಲ ಚಿತ್ರಗಳಲ್ಲೂ ಹುಡುಗಿಯ ಕಣ್ಣನ್ನು ಮಂಜು ಮಾಡಿದೆ.

ನೌಕೆಯೊಳಗಿನ ಘೋಷಣೆ ನಮ್ಮ ಬಸ್ಸಿನ ಕಂಡಕ್ಟರದು. ಅವರ್ಸಾ ದಾಟಿದ ಮೇಲೆ ಜನ ಸ್ವಲ್ಪ ಇಳಿದಾಗ ಫೋನು ಅವರ ಬಾಯಿಗೆ ಹಿಡಿದೆ. ಅವರು ಕೊಂಚವೂ ಅಳುಕದೆ, ಚಂದ್ರ, ಮಂಗಳ, ಗುರು, ಶನಿ ಇಳಿಯುವವರು ಮುಂದೆ ಬನ್ನಿ, ಬಾಗಿಲ ಹತ್ತಿರ ನಿಲ್ಲಬೇಡಿ ಎಂದು ಕೂಗಿದರು. ಹಿಂದಿನ ಸೀಟಿನ ಒಬ್ಬ ಮುದುಕಿ ನಿಜಕ್ಕೂ ಚೀಲ ಎತ್ತಿಕೊಂಡು ಎದ್ದಳು. ಪಕ್ಕದ ಮನೆಯವರು ದನಿ ತುಂಬುವಾಗ ನಾಯಿಯನ್ನು ಒಳಗೆ ಕಟ್ಟಿದರು. ಆಯಿ, ನನ್ನ ಅಮ್ಮ, ಮಿಕ್ಸಿ ನಿಲ್ಲಿಸಿ ಮಸಾಲೆಯನ್ನು ಕಲ್ಲಿನಲ್ಲಿ ಅರೆದಳು, ಸದ್ದು ಮಾಡದೆ. ಎಷ್ಟೋ ಜನ ಹಾದು ಹೋಗುವಾಗ ನಿಂತು ಒಂದೊಂದು ಮಾತು ಹೇಳಿ ಹೋದರು.

ಇಲ್ಲಿ ನಮ್ಮವರ ಒಂದು ಪದ್ಧತಿ ಹೇಳದೆ ಮುಂದಿನದು ತಿಳಿಯುವುದಿಲ್ಲ. ರಂಪಣಿ ಎಂದರೆ ದಂಡೆಯಿಂದ ಎಳೆಯುವ ದೊಡ್ಡ ಬಲೆ. ದೋಣಿಯಲ್ಲಿ ಒಯ್ದು ಸಮುದ್ರದಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುತ್ತಾರೆ. ಆಮೇಲೆ ಎರಡು ತುದಿಯ ಹಗ್ಗವನ್ನು ಊರೇ ನಿಂತು ಎಳೆಯುತ್ತದೆ. ಈಗ ದೊಡ್ಡ ಬೋಟುಗಳು ಬಂದು ರಂಪಣಿ ಬಿಡುವುದು ಅಪರೂಪ. ಆದರೂ ಬಿಟ್ಟ ದಿನ ನಿಯಮ ಹಳೆಯದೇ: ಹಗ್ಗ ಮುಟ್ಟಿದವರಿಗೆಲ್ಲ ಪಾಲು. ಮೊದಲಿಂದ ಎಳೆದವನಿಗೆ ಹೆಚ್ಚು, ಕೊನೆಗೆ ಬಂದು ಕೈ ಹಾಕಿದವನಿಗೆ ಕಡಿಮೆ, ಆದರೆ ಯಾರಿಗೂ ಇಲ್ಲ ಎನ್ನುವ ಹಾಗಿಲ್ಲ. ಪ್ಯಾಂಟು ಮಡಚಿ ಸುಮ್ಮನೆ ಫೋಟೋಕ್ಕೆ ಹಗ್ಗ ಹಿಡಿದ ಬೆಂಗಳೂರಿನವರ ಕೈಗೂ ನಮ್ಮವರು ನಾಲ್ಕು ತಾರ್ಲೆ ಮೀನು ಕೊಟ್ಟು ಅವರನ್ನು ಗಲಿಬಿಲಿಗೊಳಿಸಿದ್ದುಂಟು.

ಹೀಗಾಗಿ ನನ್ನ ಕತೆ ಶುರುವಾಗುವ ಮೊದಲು, ನಕ್ಷತ್ರಗಳ ನಡುವೆ, ಎಲ್ಲರ ಹೆಸರು ಮೇಲೇರುತ್ತ ಬರುತ್ತಿತ್ತು. ಮೇಲೆ 'ಎಳೆದವರು' ಎಂಬ ಶೀರ್ಷಿಕೆ. ಅತ್ತೆ, ಕಂಡಕ್ಟರ್, ನಾಯಿ ಕಟ್ಟಿದವರು, ಆಯಿ, ದನಿ ಕೊಟ್ಟ ದಂಡೆಯವರೆಲ್ಲ. ಕೊನೆಯಲ್ಲಿ ನಾನು. ಇದರಲ್ಲಿ ತಪ್ಪೇನಾದರೂ ಇರಬಹುದೆಂದು ನನಗೆ ಹೊಳೆಯಲೇ ಇಲ್ಲ.

ಪರೀಕ್ಷಕರು ಘಟ್ಟದ ಮೇಲಿನಿಂದ ಬಂದಿದ್ದರು. ಬೆವರುತ್ತಿದ್ದರು, ಸಂಜೆಯ ಹುಬ್ಬಳ್ಳಿ ಬಸ್ಸಿನ ಮೇಲೆ ಅವರ ಮನಸ್ಸಿತ್ತು. ನನಗಿಂತ ಮೊದಲು ಒಂದು ಲೈಬ್ರರಿ ಹೋಯಿತು. ಹೊಸದಾಗಿ ಒಂದು ಪುಸ್ತಕ ಸೇರಿಸಿ ತೋರಿಸಪ್ಪಾ ಎಂದು ಕೇಳಿದರು. ಆಗಲಿಲ್ಲ. ಪಾಸ್‌ವರ್ಡ್ ಅಂಗಡಿಯವನ ಹತ್ತಿರ ಇತ್ತು, ಅವನು ಊಟಕ್ಕೆ ಹೋಗಿದ್ದ. ಸರಿ, ರಟ್ಟು ಚೆನ್ನಾಗಿದೆ ಎಂದು ಮುಂದಕ್ಕೆ ಕಳಿಸಿದರು.

ನನ್ನದು ತೆರೆಯಿತು. ನಕ್ಷತ್ರ ಬಂದವು, ಹೆಸರು ಬಂದವು. ಬಂದವು, ಬರುತ್ತಲೇ ಇದ್ದವು.

"ಇವ್ರೆಲ್ಲಾ ಯಾರ್ರೀ? ಗ್ರೂಪ್ ಪ್ರಾಜೆಕ್ಟ್ ಏನಿದು?"

ಅಲ್ಲ ಸರ್ ಎಂದು ರಂಪಣಿಯ ವಿಷಯ ಹೇಳಿದೆ. ಅವರು ಮೊದಲು ನಕ್ಕರು, ಆಮೇಲೆ ನಗುವುದನ್ನು ನಿಲ್ಲಿಸಿದರು. ಪ್ರಾಜೆಕ್ಟ್ ಸ್ವಂತದ್ದಿರಬೇಕು, ಇಷ್ಟು ಜನ ಸೇರಿ ಮಾಡಿದ್ದನ್ನು ನಿನ್ನದೆಂದು ಹೇಗೆ ಒಪ್ಪಲಿ, ಮುಂದಿನ ವರ್ಷ ಬೇರೆ ಮಾಡಿ ತಾ ಎಂದರು. ಕೋಡಿನಲ್ಲಿ ಎಲ್ಲಿ ಬೇಕಾದರೂ ಕೇಳಿ ಸರ್ ಎಂದೆ. ಕೇಳಿದರು. ಈ ಸಾಲು ಯಾಕೆ, ಆ ಆಯ್ಕೆ ಎಲ್ಲಿಗೆ ಹೋಗುತ್ತದೆ, ಇಲ್ಲೊಂದು ಹೊಸ ದಾರಿ ಸೇರಿಸು. ಅವರ ಎದುರಿಗೇ ಸೇರಿಸಿ ಓಡಿಸಿದೆ. ಅವರು ಆರಿಸಿಕೊಂಡ ದಾರಿಯಲ್ಲಿ ಹುಡುಗಿ ತನ್ನ ಹೆಸರನ್ನೇ ಮರೆತಳು. ಒಂದು ಗಳಿಗೆ ಹುಬ್ಬಳ್ಳಿ ಬಸ್ಸನ್ನು ಬಿಟ್ಟು ಅವಳನ್ನೇ ನೋಡಿದರು. ಕೋಡು ನಿನ್ನದೇ, ಆದರೆ ಆ ಹೆಸರುಗಳು ಇದ್ದರೆ ಪಾಸು ಮಾಡುವುದು ನನ್ನಿಂದಾಗದು, ಹೊರಗೆ ಹೋಗಿ ಅವನ್ನು ಅಳಿಸಿ ಬಾ ಎಂದರು.

ಮುಖ್ಯಸ್ಥರು ನನ್ನ ಹಿಂದೆಯೇ ಹೊರಗೆ ಬಂದರು. ಅವರ ಮುಖ ನೋಡಿ, ನನಗಾಗಿ ಇಷ್ಟು ಗಾಬರಿಯಾದರಲ್ಲ ಎಂದು ಒಂದು ಕ್ಷಣ ಕರಗಿದೆ. ಗಾಬರಿ ನನ್ನದಲ್ಲ, ಬ್ಯಾನರಿನದು. ನೂರಕ್ಕೆ ನೂರು ಫಲಿತಾಂಶ ಎಂಬ ಬ್ಯಾನರನ್ನು ಕಾಲೇಜು ಆಗಲೇ ಬರೆಯಲು ಕೊಟ್ಟಿತ್ತು. ಒಬ್ಬಳು ಬಿದ್ದರೂ ಅದು ಹಾಳು.

ಅಳಿಸಲು ಎಷ್ಟು ಹೊತ್ತು ಬೇಕು ಎಂದು ಕೇಳಿದರು. ಒಂದು ನಿಮಿಷವೂ ಬೇಡ ಸರ್ ಎಂದೆ. ಮತ್ತಿನ್ನೇನು, ಅಳಿಸು ಎಂದರು. ಆಗುವುದಿಲ್ಲ ಸರ್ ಎಂದೆ. ಹಾಗಿದ್ದರೆ ಎಲ್ಲರನ್ನೂ ಪ್ರಾಜೆಕ್ಟ್ ವರದಿಯ ಕೃತಜ್ಞತೆಯ ಪುಟಕ್ಕೆ ಹಾಕು ಎಂದರು. ಆ ಪುಟವನ್ನು ಎಲ್ಲರ ರಟ್ಟಿನಲ್ಲೂ ನೋಡಿದ್ದೆ; ಆಡಳಿತ ಮಂಡಳಿಗೆ, ಪ್ರಾಂಶುಪಾಲರಿಗೆ, ನಿರಂತರ ಪ್ರೋತ್ಸಾಹಕ್ಕಾಗಿ ಮುಖ್ಯಸ್ಥರಿಗೆ. ಬಾಯಿ ನನ್ನ ಮಾತು ಕೇಳಲಿಲ್ಲ.

"ಅದು ಎಂತದೂ ಮಾಡದೇ ಇದ್ದೋರಿಗೆ ಇರೂ ಪುಟ ಅಲ್ವಾ ಸರ್? ಇವ್ರು ಮಾಡಿದಾರೆ."

ಅವರು ಸಿಟ್ಟಾಗಬೇಕಿತ್ತು. ಬ್ಯಾನರು ಅವರನ್ನು ಸಿಟ್ಟಾಗಲು ಬಿಡಲಿಲ್ಲ.

ನಾನು ಧೈರ್ಯವಂತೆಯೇನಲ್ಲ. ಕಾರಿಡಾರಿನಲ್ಲಿ ನಿಂತಾಗ ಐಸ್ ಫ್ಯಾಕ್ಟರಿಯ ತಣ್ಣಗಿನ ಗೋಡೆ ಬೆನ್ನಿಗೆ ತಾಗಿದ ಹಾಗಾಗುತ್ತಿತ್ತು. ಅಳಿಸುವ ಗುಂಡಿಯ ಮೇಲೆ ಬೆರಳನ್ನೂ ಇಟ್ಟೆ. ಆದರೆ ಪಾಲು ಕೊಡದೆ ಬುಟ್ಟಿ ಎತ್ತಿಕೊಂಡು ಹೋದವಳು ಎಂದು ಇನ್ನು ಮುಂದೆ ಆ ದಂಡೆಯಲ್ಲಿ ಓಡಾಡುವುದು ಹೇಗೆ? ಯಾರಿಗೂ ಗೊತ್ತಾಗುತ್ತಿರಲಿಲ್ಲ, ನಿಜ. ನನಗೆ ಗೊತ್ತಾಗುತ್ತಿತ್ತು. ಒಳಗೆ ಹೋಗಿ ವರದಿಯ ಮೊದಲ ಪುಟ ಬಿಡಿಸಿದೆ. ಇದು ಸಂಪೂರ್ಣವಾಗಿ ನನ್ನ ಸ್ವಂತ ಕೆಲಸ, ಯಾರ ನೆರವನ್ನೂ ಪಡೆದಿಲ್ಲ ಎಂದು ಅಲ್ಲಿ ಅಚ್ಚಾಗಿರುತ್ತದೆ, ನಾವು ಸಹಿ ಹಾಕಬೇಕು. ಆ ಸಾಲಿಗೆ ಕಾಟು ಹೊಡೆದು, ಕತೆಯೂ ಚಿತ್ರವೂ ಕೋಡೂ ನನ್ನದು, ದನಿಗಳೂ ಉಳಿದ ನೆರವೂ ಪರದೆಯ ಮೇಲೆ ಹೆಸರಿರುವವರದು ಎಂದು ಪೆನ್ನಿನಲ್ಲಿ ಬರೆದು ಕೆಳಗೆ ಸಹಿ ಹಾಕಿದೆ. ಇಡೀ ತರಗತಿಯಲ್ಲಿ ಆ ಪುಟದಲ್ಲಿ ಸತ್ಯ ಬರೆದವಳು ನಾನೊಬ್ಬಳೇ ಇರಬೇಕು.

ಪರೀಕ್ಷಕರು ಅದನ್ನು ಎರಡು ಸಲ ಓದಿದರು. ಮುಖ್ಯಸ್ಥರು ಅವರನ್ನು ಕಿಟಕಿಯ ಹತ್ತಿರ ಕರೆದುಕೊಂಡು ಹೋಗಿ ತಗ್ಗಿದ ದನಿಯಲ್ಲಿ ಏನೋ ಹೇಳಿದರು. ಬ್ಯಾನರಿನ ವಿಷಯ ಬಂದಿರಬೇಕು. ಪರೀಕ್ಷಕರು ತಿರುಗಿ ಬಂದು, ಪಾಸು ಮಾಡುತ್ತೇನೆ, ಅಂಕ ಕೊಡುವುದಿಲ್ಲ ಎಂದರು. ಸ್ವಂತದ್ದಲ್ಲದ ಭಾಗಕ್ಕೆ ಅಂಕ ಕಡಿದು, ಪಾಸಾಗಲು ಬೇಕಾದಷ್ಟನ್ನು ಮಾತ್ರ ಕೊಟ್ಟರು. ಅದರಿಂದ ನನ್ನ ಫಸ್ಟ್ ಕ್ಲಾಸು ಹೋಯಿತು. ಪಾಸ್‌ವರ್ಡಿಲ್ಲದ ಲೈಬ್ರರಿಗೆ ಡಿಸ್ಟಿಂಕ್ಷನ್ ಬಂತು. ರಟ್ಟು ಚೆನ್ನಾಗಿತ್ತು, ಸುಳ್ಳು ಹೇಳಬಾರದು.

ಫಲಿತಾಂಶ ತಿಳಿದಾಗ ಸೋದರಮಾವ ಒಂದು ವಾರ ನಮ್ಮ ಮನೆಯ ಕಡೆ ಸುಳಿಯಲಿಲ್ಲ. ಆಮೇಲೆ ಬಂದು, ಈಗ ಡಿಗ್ರಿ ಯಾರಿಗಾದರೂ ಸಿಗುತ್ತದೆ, ಮೊದಲಿನ ಹಾಗಲ್ಲ ಎಂದ. ಎಂದಿಗೂ ಆಗದ್ದು ಒಂದೇ ವಾರದಲ್ಲಿ ಯಾರಿಗಾದರೂ ಆಗುವಂಥದ್ದಾಗಿತ್ತು. ಆಯಿ ಅವನಿಗೆ ಚಹಾ ಕೊಟ್ಟಳು, ಸಕ್ಕರೆ ಹಾಕದೆ.

ಪ್ರಮಾಣಪತ್ರ ಬಂದಿದೆ ಎಂದು ತಿಳಿದ ದಿನ ಅತ್ತೆಯೂ ಜೊತೆಗೆ ಹೊರಟಳು. ಮೀನಿನ ಬುಟ್ಟಿಯನ್ನು ಪೇಟೆಯಲ್ಲಿ ಪಕ್ಕದವಳಿಗೆ ಒಪ್ಪಿಸಿ, ಮದುವೆಗೆ ಉಡುವ ಸೀರೆ ಉಟ್ಟು, ತಲೆಗೆ ಅಬ್ಬಲಿ ಹೂವು ಮುಡಿದು ಬಂದಿದ್ದಳು. ಕಾಲೇಜಿನ ಗೇಟಿನಲ್ಲಿ ಬ್ಯಾನರು ಇನ್ನೂ ನೇತಾಡುತ್ತಿತ್ತು, ಮಳೆಗೆ ಬಣ್ಣ ಇಳಿದಿತ್ತು. ಆಫೀಸಿನ ಕಿಟಕಿಯಲ್ಲಿ ಗುಮಾಸ್ತರು ನನ್ನಿಂದ ಸಹಿ ಮಾಡಿಸಿಕೊಂಡು ಹಾಳೆಯನ್ನು ಹೊರಗೆ ಚಾಚಿದರು. ಕೈ ತೊಳೆದಿದೆಯೇ ಎಂದು ಅತ್ತೆಯನ್ನು ಕೇಳಿದರು. ಅತ್ತೆ ಸೆರಗಿನಲ್ಲಿ ಕೈಯನ್ನೊರೆಸಿ, ಹಾಳೆಯನ್ನು ಎರಡೂ ಕೈಯಲ್ಲಿ ತಾನೇ ತೆಗೆದುಕೊಂಡಳು. ಓದಲು ಬಾರದವಳು, ಬಹಳ ಹೊತ್ತು ನೋಡಿದಳು. ಎಷ್ಟನೇ ಕ್ಲಾಸು ಎಂದು ಕೇಳಿದಳು. ಸೆಕೆಂಡು ಎಂದೆ. ಫಸ್ಟು ಯಾಕಿಲ್ಲ ಎಂದಳು. ಅಲ್ಲಿಯವರೆಗೆ ಮನೆಯಲ್ಲಿ ಯಾರಿಗೂ ಹೇಳದಿದ್ದುದನ್ನು ಹೇಳಿದೆ: ನಿಮ್ಮೆಲ್ಲರ ಹೆಸರು ತೆಗೆ ಎಂದರು, ನಾನು ತೆಗೆಯಲಿಲ್ಲ.

ಅವಳ ಕಣ್ಣು ತುಂಬುತ್ತದೆ, ಕೆನ್ನೆ ಸವರುತ್ತಾಳೆ ಎಂದುಕೊಂಡು ನಾನು ಸ್ವಲ್ಪ ಬಾಗಿಯೂ ನಿಂತಿದ್ದೆ. ಅತ್ತೆ ಹಾಳೆಯನ್ನು ನನ್ನ ಕೈಗೆ ಕೊಟ್ಟಳು.

"ತೆಗೂಕೆ ಎಂತ ಆಗಿತ್ತೇ ಹುಚ್ಚಿ. ನಾವು ಎಲ್ಲಿಗೆ ಹೋತಿದ್ವು?"